ಸಹಾಯಕಿ ರಜೆ ಹಾಕಿದ್ದಕ್ಕೆ ಅನ್ನ ಕೆಟ್ಟಿತಂತೆ!

ಬೆಳಗಿನ ಐದು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಹಿಂದಿನ ಓಣಿಯ ಷಟರನ್ನು ಸೊಂಟದ ಮಟ್ಟಕ್ಕೆ ಎತ್ತಿ, ಬಗ್ಗಿ ಒಳಗೆ ನುಸುಳುತ್ತಾರೆ, ಜೊತೆ ಕೆಲಸದವರೆಲ್ಲ ಅನ್ನದಕ್ಕ ಎಂದೇ ಕರೆಯುವ ಹೆಂಗಸು. ಪೂರ್ತಿ ಎತ್ತಿದರೆ ಅದರ ಕಿರುಗುಟ್ಟುವಿಕೆಗೆ ಮೇಲಿನ ಮಹಡಿಯವರು ಎದ್ದು ಬೈಯುತ್ತಾರೆ. ಪೂರ್ತಿ ಎತ್ತಲು ಅವರ ಬಲಭುಜವೂ ಈಗ ಒಪ್ಪುವುದಿಲ್ಲ. ದೀಪ ಹಾಕಿ, ಚಪ್ಪಲಿ ಬಿಟ್ಟು ರಬ್ಬರ್ ಬೂಟಿನೊಳಗೆ ಕಾಲು ತೂರಿಸಿ, ತಲೆಗೆ ಬಟ್ಟೆ ಕಟ್ಟಿಕೊಂಡು ಮೊದಲು ಹೋಗುವುದು ಅಕ್ಕಿಯ ಡ್ರಮ್ಮಿನ ಬಳಿಗೆ. ಒಂದು ಹಿಡಿ ತೆಗೆದು ಮೂಗಿಗೆ ಹಿಡಿಯುತ್ತಾರೆ. ಎರಡು ಕಾಳು ಬಾಯಿಗೆ ಹಾಕಿ ಮುಂದಿನ ಹಲ್ಲಿನಲ್ಲಿ ಕಡಿಯುತ್ತಾರೆ. ಟಕ್ಕೆಂದು ಮುರಿದರೆ ಹಳೆ ಅಕ್ಕಿ, ಮೆತ್ತಗೆ ಮುರಿದರೆ ಹೊಸದು. ಇವತ್ತು ಎಷ್ಟು ನೀರಿಡಬೇಕು ಎನ್ನುವುದು ಅಲ್ಲಿಗೆ ತೀರ್ಮಾನವಾಗುತ್ತದೆ.

ಆಮೇಲೆ ತೊಳೆಯುವ ಕೆಲಸ. ಏಳು ಕಿಲೋ ಅಕ್ಕಿಯ ಮೇಲೆ ನೀರು ಸುರಿದು ಒಂದೇ ಸಲ ಕೈಯಾಡಿಸಿ, ಕಣ್ಣು ಮಿಟುಕಿಸುವುದರೊಳಗೆ ಚೆಲ್ಲಿಬಿಡುತ್ತಾರೆ. ಎರಡನೆಯ ನೀರಿನಿಂದ ನಿಧಾನ. ಬೆರಳುಗಳನ್ನು ಚೆಂಡು ಹಿಡಿದಂತೆ ಬಾಗಿಸಿ, ಅಕ್ಕಿಗೆ ನೋವಾಗಬಾರದೆಂಬಂತೆ ತಿರುಗಿಸುತ್ತಾರೆ. "ಬಾಯಾರಿದ ಅಕ್ಕಿ ರೀ ಅದು. ಮೊದ್ಲು ಸಿಕ್ಕ ನೀರನ್ನ ಗಟಗಟ ಅಂತ ಕುಡಿದುಬಿಡುತ್ತೆ. ಆ ತೌಡಿನ ನೀರು ಕುಡಿಸಿದ್ರೆ ಏನು ಮಾಡಿದ್ರೂ ಅನ್ನದ ವಾಸನೆ ಹೋಗಲ್ಲ. ಅದಕ್ಕೇ ಮೊದಲ ನೀರಿಗೆ ಅವಸರ, ಮಿಕ್ಕಿದ್ದಕ್ಕೆ ತಾಳ್ಮೆ," ಎನ್ನುತ್ತಾರೆ. ಆರನೆಯ ನೀರಿಗೆ ಪಾತ್ರೆಯ ತಳ ಕಾಣುತ್ತದೆ. ಅರ್ಧ ಗಂಟೆ ನೆನೆಯಲು ಬಿಟ್ಟು, ಆ ಹೊತ್ತಿನಲ್ಲಿ ಎರಡನೆಯ ಪಾಳಿಯ ಅಕ್ಕಿಗೆ ಕೈ ಹಾಕುತ್ತಾರೆ.

ಇದು ಬಸ್ ನಿಲ್ದಾಣದ ಎದುರಿನ, ಮೆಟ್ಟಿಲ ಕೆಳಗಿನ ಜಪಾನಿ ಊಟದ ಹೋಟೆಲು. ಜಪಾನಿ ಎಂದಕೂಡಲೇ ಜೇಬು ಮುಟ್ಟಿ ನೋಡಿಕೊಳ್ಳಬೇಕಾದ ಜಾಗವಲ್ಲ. ಮೂವತ್ತೆರಡು ಸೀಟು, ಉದ್ದನೆಯ ಮರದ ಬೆಂಚು, ಗೋಡೆಗೆ ಅಂಟಿಸಿದ ಚಿತ್ರಗಳ ಮೆನು. ಒಂದು ಸಿನಿಮಾ ಟಿಕೆಟ್ಟಿನ ಅರ್ಧ ಬೆಲೆಗೆ ಬಟ್ಟಲು ತುಂಬ ಬಿಸಿ ಅನ್ನ, ಅದರ ಮೇಲೆ ಹುರಿದ ಕೋಳಿಯೋ ಮೊಟ್ಟೆಯೋ, ಮುಚ್ಚಳದ ಬಟ್ಟಲಲ್ಲಿ ಸೋಯಾ ಹಿಟ್ಟಿನ ಸೂಪು, ಚಿಟಿಕೆ ಮೂಲಂಗಿ ಉಪ್ಪಿನಕಾಯಿ. ಇನ್ನೂ ಸ್ವಲ್ಪ ಕೊಟ್ಟರೆ ಹುಳಿ ಬೆರೆಸಿದ ಅನ್ನವನ್ನು ಮೀನಿನೊಂದಿಗೆ ಸುತ್ತಿದ ಆರು ಸುರುಳಿ. ನರ್ಸುಗಳು, ಕಂಡಕ್ಟರುಗಳು, ಬಟ್ಟೆ ಅಂಗಡಿಯ ಹುಡುಗಿಯರು, ಕಾಲೇಜಿನವರು ಸಾಲುಗಟ್ಟುತ್ತಾರೆ. ಎರಡು ಕಡ್ಡಿ ಹಿಡಿದು ಅರ್ಧ ನಿಮಿಷ ಸರ್ಕಸ್ಸು ಮಾಡಿ, ಕೊನೆಗೆ ಚಮಚ ಕೇಳುವವರೇ ಹೆಚ್ಚು. ಯಾರೂ ನಗುವುದಿಲ್ಲ. ಬಟ್ಟಲು ಮಾತ್ರ ಖಾಲಿಯಾಗಿಯೇ ಒಳಗೆ ಬರುತ್ತದೆ.

ತಿಂದವರೆಲ್ಲ ಹೇಳುವುದು ಒಂದೇ ಮಾತು: ಇಲ್ಲಿ ಅನ್ನ ಚೆನ್ನಾಗಿರುತ್ತದೆ. ಕಾಳು ಕಾಳಾಗಿ ಹೊಳೆಯುತ್ತದೆ, ಆದರೂ ಕಡ್ಡಿಗೆ ಅಂಟಿ ಮೇಲೆ ಬರುತ್ತದೆ. ಹೊಗಳಿದವರು ತಲೆಯೆತ್ತಿ ನೋಡಿದರೆ ಎದುರಿಗೆ ಆಳೆತ್ತರದ ಬೋರ್ಡು. ಅದರಲ್ಲಿ ಬಿಳಿ ಪಟ್ಟಿ ಕಟ್ಟಿಕೊಂಡು, ಎದೆಯ ಮೇಲೆ ಕೈಕಟ್ಟಿ ನಿಂತ ಮಾಸ್ಟರ್. ಕೆಳಗೆ ಕೆಂಪು ಅಕ್ಷರ: 'ಹನ್ನೆರಡು ವರ್ಷ ಕಲಿತ ಕೈಯ ಅನ್ನ'. ಅದೇ ಮಾಸ್ಟರ್ ಗಾಜಿನ ಹಿಂದೆ ನಿಂತು ಮೀನು ಕತ್ತರಿಸುತ್ತಿರುತ್ತಾರೆ. ಜನ ಫೋಟೋ ತೆಗೆಯುತ್ತಾರೆ, ಅವರು ತಲೆ ಬಾಗಿಸುತ್ತಾರೆ. ಅವರ ಬೆನ್ನ ಹಿಂದೆ ಒಂದು ನೀಲಿ ಪರದೆ. ಪರದೆಯ ಹಿಂದೆ ಅನ್ನದಕ್ಕ. ಊಟದ ಹೊತ್ತಿನಲ್ಲಿ ಆ ಪರದೆ ದಾಟಿ ಈಚೆ ಬರಬಾರದು ಎಂಬುದು ಹೋಟೆಲಿನ ನಿಯಮ.

ಅಡಿಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂಬ ಗಾದೆಯಿದೆ. ಇಲ್ಲಿ ಬಡಿಸುವವರಿಗೂ ಆ ಭಾಗ್ಯವಿಲ್ಲ, ಫೋಟೋ ತೆಗೆಸಿಕೊಂಡವರಿಗೆ ಮಾತ್ರ. ಹಾಗೆಂದು ಮಾಸ್ಟರನ್ನು ಕಳ್ಳನೆಂದುಬಿಡುವುದು ಸುಲಭ, ಅದು ನ್ಯಾಯವಲ್ಲ. ಅವರ ಕತ್ತಿಯ ಕೆಲಸ ನಿಜಕ್ಕೂ ಚೆಂದ. ಆದರೆ ಅವರು ಕಲಿತದ್ದು ಹಡಗಿನ ಕ್ಯಾಂಟೀನಿನಲ್ಲಿ, ಹದಿನಾಲ್ಕು ತಿಂಗಳು. ಜಪಾನನ್ನು ಕಂಡದ್ದು ಬಂದರಿನಲ್ಲಿ ಹಡಗು ನಿಂತ ಎರಡು ದಿನ, ಅದೂ ಹಡಗಿನ ಮೇಲಿಂದ. "ಇಳಿಯೋಕೆ ಪರ್ಮಿಷನ್ನೇ ಕೊಡ್ಲಿಲ್ಲ ಸಾರ್," ಎಂದು ಅವರೇ ನಗುತ್ತಾರೆ. ಹನ್ನೆರಡು ವರ್ಷದ ಲೆಕ್ಕ ಎಲ್ಲಿಂದ ಬಂತು ಎಂದರೆ ಬೋರ್ಡು ಬರೆಸಿದ ಯಜಮಾನರ ಕಡೆ ಕಣ್ಣು ತೋರಿಸುತ್ತಾರೆ.

ಹಾಗಾದರೆ ನಿಜಕ್ಕೂ ಅನ್ನ ಕಲಿತವರು ಯಾರು? ಹನ್ನೊಂದು ವರ್ಷದ ಹಿಂದೆ ಹೋಟೆಲು ಶುರುವಾದಾಗ ಯಜಮಾನರು ಆರು ತಿಂಗಳ ಮಟ್ಟಿಗೆ ಜಪಾನಿನ ಒಬ್ಬ ಮುದುಕರನ್ನು ಕರೆಸಿದ್ದರು. ಎಲ್ಲರೂ ಅವರನ್ನು ತಾತ ಎನ್ನುತ್ತಿದ್ದರು. ಕಲಿಯಲೆಂದು ನೇಮಿಸಿದ್ದ ಇಬ್ಬರು ಅಡುಗೆಯವರು ಮೊಬೈಲಿನಲ್ಲಿ ಮುಳುಗಿದ್ದರೆ, ತಾತನ ಕಣ್ಣು ಬಿದ್ದದ್ದು ಕಸ ಗುಡಿಸಲು ಬಂದಿದ್ದ ಈ ಹೆಂಗಸಿನ ಮೇಲೆ. ಕೆಲಸದವರ ಊಟಕ್ಕೆಂದು ಇವರು ಅಕ್ಕಿ ತೊಳೆಯುತ್ತಿದ್ದ ರೀತಿಯನ್ನು ಬಹಳ ಹೊತ್ತು ನಿಂತು ನೋಡಿ, ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ ದೊಡ್ಡ ಪಾತ್ರೆಯ ಮುಂದೆ ನಿಲ್ಲಿಸಿದರಂತೆ.

"ನಂಗೆ ಅವರ ಮಾತು ಬರಲ್ಲ, ಅವರಿಗೆ ನನ್ನ ಮಾತು ಬರಲ್ಲ. ಸರಿ ಇದ್ರೆ 'ಊಂ' ಅನ್ನೋರು, ಇಲ್ದಿದ್ರೆ 'ಊಹೂಂ'. ಅಷ್ಟು ಸಾಕಾಗಿತ್ತು. ನನ್ನ ಅಂಗೈನ ಅಕ್ಕಿ ಮೇಲೆ ಒತ್ತಿ, ನೀರು ಎಲ್ಲಿವರೆಗೆ ಬರಬೇಕು ಅಂತ ಬೆರಳಲ್ಲಿ ಗೆರೆ ಎಳೆಯೋರು. ಹತ್ತೊಂಬತ್ತು ದಿನ ನಾನು ಮಾಡಿದ ಅನ್ನ ತಿರುಗಿ ನೋಡ್ದೆ ಪಕ್ಕಕ್ಕೆ ಸರಿಸಿದ್ರು. ಅತ್ತುಬಿಟ್ಟಿದೀನಿ. ಇಪ್ಪತ್ತನೇ ದಿನ ಒಂದು ತುತ್ತು ತಿಂದ್ರು. ಆಮೇಲೆ ಪೂರ್ತಿ ತಿಂದ್ರು. ಖಾಲಿ ಬಟ್ಟಲನ್ನ ಇನ್ನೊಂದ್ಸಲ ಮುಂದೆ ಚಾಚಿದ್ರು ಅಷ್ಟೇ." ಇದನ್ನು ಹೇಳುವಾಗ ಅನ್ನದಕ್ಕನ ಮುಖ ಕೆಂಪಾಗುತ್ತದೆ. ಆ ಇಬ್ಬರು ಅಡುಗೆಯವರು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟರು. ತಾತ ಊರಿಗೆ ಹೋದರು. ಅಂದಿನಿಂದ ಇಂದಿನವರೆಗೆ ಈ ಹೋಟೆಲಿನ ಪ್ರತಿ ಅಗುಳೂ ಈ ಹೆಂಗಸಿನ ಕೈಯಿಂದಲೇ ಬೆಂದಿದೆ. ಹಾಜರಿ ಪುಸ್ತಕದಲ್ಲಿ ಮಾತ್ರ ಅಂದು ಬರೆದದ್ದೇ ಇಂದಿಗೂ ಇದೆ: ಸಹಾಯಕಿ, ಸ್ವಚ್ಛತೆ.

ಅವರ ಒಂದು ದಿನವನ್ನು ಅಳೆದು ನೋಡಿ. ಐದು ಪಾಳಿ ಅನ್ನ, ಪಾಳಿಗೆ ಏಳು ಕಿಲೋದಂತೆ ಮೂವತ್ತೈದು ಕಿಲೋ ಅಕ್ಕಿ, ಇನ್ನೂರೈವತ್ತು ಜನರ ಊಟ. ಮೂರು ಪಾಳಿ ಬಟ್ಟಲಿಗೆ, ಎರಡು ಪಾಳಿ ಸುರುಳಿಗೆ. ಸುರುಳಿಯ ಅನ್ನವನ್ನು ಬಿಸಿಯಿರುವಾಗಲೇ ಮರದ ಬಾನಿಗೆ ಸುರಿದು, ವಿನೆಗರ್, ಸಕ್ಕರೆ, ಉಪ್ಪಿನ ನೀರು ಚಿಮುಕಿಸಿ, ಒಂದು ಕೈಯಲ್ಲಿ ಮರದ ಹುಟ್ಟಿನಿಂದ ಸೀಳುತ್ತ ಇನ್ನೊಂದು ಕೈಯಲ್ಲಿ ಬೀಸಣಿಗೆ ಬೀಸಬೇಕು. ಕಲಸಿದರೆ ಮುದ್ದೆ, ಬಿಟ್ಟರೆ ಗಂಟು. ಮೈ ಬಿಸಿಯಷ್ಟು ಬಿಸಿ ಉಳಿದಾಗ ಒದ್ದೆ ಬಟ್ಟೆ ಹೊದಿಸಬೇಕು. ಬೆಂದ ಅನ್ನದ ಪಾತ್ರೆಯ ತೂಕ ಇಪ್ಪತ್ತಮೂರು ಕಿಲೋ. ಒಲೆಯಿಂದ ಬಾನಿಗೆ ದಿನಕ್ಕೆ ಐದು ಸಲ ಎತ್ತಬೇಕು. ಹನ್ನೊಂದು ವರ್ಷಕ್ಕೆ ಹದಿನೇಳು ಸಾವಿರ ಸಲ ದಾಟುತ್ತದೆ. ಇದು ಸ್ವಚ್ಛತೆಯ ಕೆಲಸವಂತೆ!

ಇವರ ಊಟ ಎರಡೂವರೆಗೆ, ನಿಂತುಕೊಂಡೇ. ಪಾತ್ರೆಯ ತಳದ ಸೀಕಲನ್ನು ಕೆರೆದು, ಮೇಲೆ ಸೂಪು ಸುರಿದುಕೊಂಡು ತಿನ್ನುತ್ತಾರೆ. "ಸೀಕಲು ಅಂದ್ರೆ ನಂಗೆ ಪ್ರಾಣ. ಹಾಲ್‌ನಲ್ಲಿ ಕೂತೋರಿಗೆ ಅದು ಸಿಗಲ್ಲ, ಪಾಪ," ಎಂದು ಕಣ್ಣು ಮಿಟುಕಿಸುತ್ತಾರೆ. ಮೂರು ಗಂಟೆಗೆ ಬಸ್ಸು ಹಿಡಿದು ಮನೆಗೆ. ಮನೆಯೆಂದರೆ ಎರಡು ಕೋಣೆ, ಅತ್ತೆ ಮತ್ತು ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಓದುತ್ತಿರುವ ಮಗಳು. ಗಂಡ ತೀರಿಕೊಂಡು ಎಂಟು ವರ್ಷ. ಅತ್ತೆಗೆ ಎಪ್ಪತ್ತನಾಲ್ಕು, ನಾಲಿಗೆಗೆ ಇಪ್ಪತ್ತು. ಸೊಸೆ ಒಮ್ಮೆ ಡಬ್ಬಿಯಲ್ಲಿ ತಂದ ಹುಳಿ ಅನ್ನವನ್ನು ತಿಂದು, "ಹಳಸಿದ್ದನ್ನ ಚೆಂದ ಮಾಡಿ ಕೊಟ್ಟು ದುಡ್ಡು ತಗೋತಾರಲ್ಲೇ, ಭೇಷ್," ಎಂದವರು. ಆದರೆ ಸೊಸೆಯ ಭುಜಕ್ಕೆ ರಾತ್ರಿ ಎಣ್ಣೆ ಹಚ್ಚುವುದೂ ಅವರೇ.

ಆ ಭುಜವೇ ಈ ಕಥೆಯ ತಿರುವು. ಡಾಕ್ಟರು ಹೇಳಿಬಿಟ್ಟಿದ್ದಾರೆ: ಹೀಗೇ ಎತ್ತಿದರೆ ಒಂದೆರಡು ವರ್ಷ, ಆಮೇಲೆ ಕೈ ಮೇಲೇಳುವುದಿಲ್ಲ. ಸಹಾಯಕಿಯ ಕೈ ನಿಂತರೆ ಸಹಾಯಕಿ ಮನೆಗೆ. ಅದೇ ಅಡುಗೆಯವರ ಪ್ರಮಾಣಪತ್ರ ಇದ್ದರೆ ಕಾನೂನೇ ಬೇರೆ. ಭಾರ ಎತ್ತಲು ಜೊತೆಗೊಬ್ಬ ಆಳು ಕೊಡಲೇಬೇಕು. ಇಲ್ಲಿ ಬೇಡವೆಂದರೆ ಆಸ್ಪತ್ರೆಯ ಅಡುಗೆಮನೆಯೋ ಹಾಸ್ಟೆಲೋ ಕರೆಯುತ್ತದೆ. ಪ್ರಮಾಣಪತ್ರಕ್ಕೆ ಪರೀಕ್ಷೆಯಿದೆ, ಕಟ್ಟಲು ಎರಡು ಷರತ್ತು. ಅರ್ಜಿ ಹಾಕುವ ದಿನ ನಲವತ್ತೈದು ತುಂಬಿರಬಾರದು. ಏಳು ವರ್ಷ ಅಡುಗೆ ಮಾಡಿದ್ದಾರೆಂದು ಕೆಲಸ ಕೊಟ್ಟವರು ಬರೆದುಕೊಡಬೇಕು. ಮಗಳು ಇದನ್ನೆಲ್ಲ ಓದಿ ಹೇಳಿದಾಗ ಅನ್ನದಕ್ಕನಿಗೆ ನಲವತ್ತೈದು ತುಂಬಲು ಮೂರು ತಿಂಗಳಿತ್ತು.

ಯಜಮಾನರ ಬಳಿ ಹೋದರು. ಒಂದು ಹಾಳೆ, ಎರಡು ಸಾಲು, ಒಂದು ಸಹಿ. ಹನ್ನೊಂದು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಯಜಮಾನರು ಕೊಟ್ಟ ಉತ್ತರವನ್ನು ಅನ್ನದಕ್ಕ ಅಕ್ಷರಶಃ ನೆನಪಿಟ್ಟುಕೊಂಡಿದ್ದಾರೆ: "ಏನಮ್ಮಾ, ನೀನೇ ಅನ್ನ ಮಾಡೋಳು ಅಂತ ನಾನು ಬರ್ಕೊಟ್ರೆ ಗೋಡೆ ಮೇಲಿರೋ ಬೋರ್ಡನ್ನ ಎಲ್ಲಿಡ್ಲಿ? ಜನ ಮಾಸ್ಟರ್ ಮುಖ ನೋಡ್ಕೊಂಡು ಬರೋದು. ನೀನು ಸಹಾಯ ಮಾಡ್ತೀಯ. ಸಹಾಯಕಿ ಅಂತ ಬೇಕಾದ್ರೆ ಹತ್ತು ಸಲ ಬರ್ಕೊಡ್ತೀನಿ."

ಹತ್ತು ಸಲ! ಔದಾರ್ಯವೆಂದರೆ ಇದು. ಸಹಾಯ ಎಂದರೆ ಏನೆಂದು ಯಜಮಾನರನ್ನು ಈ ಲೇಖನಕ್ಕಾಗಿ ಕೇಳಿದಾಗ, "ಅದೇ, ಅಕ್ಕಿ ತೊಳೆಯೋದು, ನೀರಿಡೋದು, ಬೇಯ್ಸೋದು, ಇಳಿಸೋದು, ಹುಳಿ ಬೆರ್ಸೋದು," ಎಂದರು. ಅಷ್ಟಾದ ಮೇಲೆ ಅನ್ನದಲ್ಲಿ ಮಾಡಲು ಏನು ಉಳಿಯಿತು ಸ್ವಾಮಿ ಎಂದರೆ, "ಬ್ರ್ಯಾಂಡು," ಎಂದರು. ನಗುವುದೋ ಅಳುವುದೋ? ಕೈ ಕೆಸರಾದರೆ ಬಾಯಿ ಮೊಸರು ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಒಬ್ಬರ ಕೈ ಕೆಸರಾಗಿ ಇನ್ನೊಬ್ಬರ ಬಾಯಿಗೆ ಮೊಸರು ಬೀಳುವುದನ್ನು ಯಾವ ಪಾಠದಲ್ಲೂ ಬರೆದಿಲ್ಲ. ಒಂದು ಹಾಳೆಯ ಬೆಲೆ ಒಂದು ಹೆಂಗಸಿನ ಮುಂದಿನ ಇಪ್ಪತ್ತು ವರ್ಷ ಎಂದು ಗೊತ್ತಿದ್ದೂ ಪೆನ್ನಿನ ಮುಚ್ಚಳ ತೆಗೆಯದ ಮನುಷ್ಯನ ಮೇಲೆ ಸಿಟ್ಟು ಬರುತ್ತದೆ, ಬರಲೇಬೇಕು.

ಎರಡು ತಿಂಗಳು ಹೀಗೇ ಕಳೆಯಿತು. ಮೂರು ಸಲ ಕೇಳಿ ಮೂರು ಸಲವೂ ಅದೇ ಉತ್ತರ. ಅಷ್ಟರಲ್ಲಿ ಅತ್ತೆಯ ಕಣ್ಣಿನ ಪೊರೆಯ ಆಪರೇಷನ್ ಬಂತು. ಅನ್ನದಕ್ಕ ಎರಡು ದಿನ ರಜೆ ಹಾಕಿದರು. ಹದಿನಾಲ್ಕು ತಿಂಗಳಲ್ಲಿ ಅದೇ ಮೊದಲ ರಜೆ. ಹೊರಡುವ ಮುಂಚೆ ಮಾಸ್ಟರಿಗೆ ಎರಡು ಸಲ ಹೇಳಿದರು. ಡ್ರಮ್ಮಿನಲ್ಲಿ ಹಳೆ ಅಕ್ಕಿ ಎರಡು ದಿನಕ್ಕಾಗುವಷ್ಟಿದೆ, ಮೂಲೆಯಲ್ಲಿರುವ ಮೂಟೆ ಈ ಸಲದ ಹೊಸ ಅಕ್ಕಿ, ನಾನು ಬರುವವರೆಗೆ ಅದಕ್ಕೆ ಕೈ ಹಚ್ಚಬೇಡಿ. ಮಾಸ್ಟರ್ ತಲೆಯಾಡಿಸಿದರು. ಆದರೆ ಅಂದು ಮಧ್ಯಾಹ್ನ ಹೋಟೆಲಿಗೆ ಹೊಸ ಫ್ರಿಜ್ ಬಂತು. ಜಾಗ ಬೇಕಾಯಿತು. ಯಜಮಾನರು ಮೂಟೆ ಬಿಚ್ಚಿಸಿ, ಹೊಸ ಅಕ್ಕಿಯನ್ನು ಹಳೆ ಅಕ್ಕಿಯ ಡ್ರಮ್ಮಿಗೇ ಸುರಿಸಿ, ಒಂದು ಕೋಲಿನಿಂದ ತಿರುವಿಸಿ, ಅಂಗೈ ಒರೆಸಿಕೊಂಡರು. ಅಕ್ಕಿಗೆ ಅಕ್ಕಿ ಸೇರಿದರೆ ಏನಾಗುತ್ತದೆ?

ಏನಾಗುತ್ತದೆ ಎಂದು ಯಾವ ಮನೆಯ ಅಜ್ಜಿಯನ್ನು ಕೇಳಿದರೂ ಹೇಳುತ್ತಾಳೆ. ಹಳೆ ಅಕ್ಕಿ ನೀರು ಬೇಡುತ್ತದೆ, ಹೊಸ ಅಕ್ಕಿ ನೀರು ಕಂಡರೆ ಕರಗುತ್ತದೆ. ಎರಡನ್ನೂ ಒಂದೇ ಪಾತ್ರೆಗೆ ಹಾಕಿದರೆ ದೇವರು ಬಂದು ಒಲೆ ಹಚ್ಚಿದರೂ ಸರಿಯಾಗದು. ಮರುದಿನ ಮುಂಜಾನೆ ಮಾಸ್ಟರ್ ತಾವೇ ಬಂದು, ಗೋಡೆಯ ಮೇಲೆ ಅನ್ನದಕ್ಕ ಬರೆದಿಟ್ಟ ಅಳತೆಯಂತೆ ನೀರಿಟ್ಟರು. ಇಳಿಸಿ ನೋಡಿದರೆ ಅರ್ಧ ಗಂಜಿ, ಅದರ ನಡುವೆ ಗಟ್ಟಿ ಕಾಳು. ಇನ್ನೊಂದು ಪಾಳಿಗೆ ನೀರು ಕಡಿಮೆ ಮಾಡಿದರು, ಕಾಳು ಕಲ್ಲಾಯಿತು. ಹನ್ನೊಂದೂವರೆಗೆ ಬಾಗಿಲು ತೆರೆಯಲೇಬೇಕಿತ್ತು. ಅದನ್ನೇ ಬಡಿಸಿದರು.

ಹನ್ನೆರಡು ನಲವತ್ತಕ್ಕೆ ದಿನವೂ ಮೂಲೆಯ ಸೀಟಿಗೆ ಬರುವ ಕಂಡಕ್ಟರೊಬ್ಬರಿದ್ದಾರೆ. ಆರು ವರ್ಷದಿಂದ ಅದೇ ಬಟ್ಟಲು, ಅದೇ ಸೂಪು. ಮೊದಲ ತುತ್ತು ಬಾಯಿಗಿಟ್ಟು, ಚಮಚ ಕೆಳಗಿಟ್ಟು, ಗಾಜಿನಾಚೆ ನಿಂತವರನ್ನು ಕೇಳಿದರು:

"ಇವತ್ತು ಅನ್ನ ಮಾಡಿದ್ದು ಯಾರಪ್ಪಾ?"

"ನಾನೇ ಸಾರ್," ಎಂದರು ಮಾಸ್ಟರ್, ಬೆವರು ಒರೆಸಿಕೊಳ್ಳುತ್ತ.

ಕಂಡಕ್ಟರು ಗೋಡೆಯ ಬೋರ್ಡನ್ನು ನೋಡಿದರು, ಮಾಸ್ಟರನ್ನು ನೋಡಿದರು. "ಹಂಗಾದ್ರೆ ಇಷ್ಟು ವರ್ಷ ಮಾಡಿದ್ದು ಯಾರು?"

ಇಡೀ ಹಾಲ್ ಕೇಳಿಸಿಕೊಂಡಿತು. ಅಂದು ಮಧ್ಯಾಹ್ನ ನಲವತ್ತಮೂರು ಬಟ್ಟಲು ಅರ್ಧಂಬರ್ಧ ಉಳಿದು ಒಳಗೆ ಬಂದವು. ನಾಳೆ ಬರುವ ಗಿರಾಕಿಗಳೂ ಹೀಗೇ ಕೇಳಿದರೆ ಬೋರ್ಡಿನ ಮಾನ ಹೋಗುತ್ತದೆ ಎಂದು ಯಜಮಾನರಿಗೆ ಹೆದರಿಕೆಯಾಯಿತು. ಮಾಸ್ಟರಿಗೆ ಕೆಟ್ಟ ಹೆಸರು ಬರಬಾರದು, ತಮ್ಮ ಕೋಲಿನ ಕೆಲಸವೂ ಗೊತ್ತಾಗಬಾರದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಷ್ಟು ಹೊತ್ತಿನ ಕೆಲಸ? ಹೋಟೆಲಿನ ಹೆಸರಿರುವ ಹಾಳೆಯಲ್ಲಿ ಹೀಗೆ ಟೈಪು ಮಾಡಿಸಿ, ಬಾಗಿಲ ಗಾಜಿಗೆ ಅಂಟಿಸಿದರು: 'ಗ್ರಾಹಕರ ಗಮನಕ್ಕೆ. ನಮ್ಮ ಸಹಾಯಕಿಯು ಎರಡು ದಿನ ರಜೆಯಲ್ಲಿರುವ ಕಾರಣ ಅನ್ನದ ಗುಣಮಟ್ಟದಲ್ಲಿ ವ್ಯತ್ಯಾಸವಾಗಿದೆ. ಅವರು ಹಿಂತಿರುಗಿದ ಕೂಡಲೇ ಎಂದಿನ ಅನ್ನ ದೊರೆಯುವುದು. ದಯವಿಟ್ಟು ಸಹಕರಿಸಿ.' ಯಜಮಾನರಿಗೆ ಮೊಹರು ಒತ್ತುವ ಚಟ. ಹಾಲಿನವನ ಚೀಟಿಗೂ ಒತ್ತುತ್ತಾರೆ. ಇದಕ್ಕೂ ಒತ್ತಿ, ಮೇಲೆ ಸಹಿ ಹಾಕಿದರು.

ಓದುಗರೇ, ಇನ್ನೊಮ್ಮೆ ಓದಿ. ಕಸ ಗುಡಿಸುವವರು ರಜೆ ಹಾಕಿದ್ದಕ್ಕೆ ಅನ್ನ ಕೆಟ್ಟಿತಂತೆ. ಯಾವ ಲೋಕದ ಹೋಟೆಲಿನಲ್ಲಿ ಪೊರಕೆಯಿಂದ ಅನ್ನ ಬೇಯುತ್ತದೆ?

ಮೂರನೆಯ ದಿನ ಅನ್ನದಕ್ಕ ಕೆಲಸಕ್ಕೆ ಬಂದಾಗ ಮಾಸ್ಟರ್ ಎಂದೂ ಬರದ ಹೊತ್ತಿಗೆ, ನಾಲ್ಕೂಮುಕ್ಕಾಲಿಗೇ ಬಂದು ನಿಂತಿದ್ದರು. ನಾಲ್ಕು ಮೂಲೆಗೂ ಟೇಪು ಅಂಟಿಕೊಂಡಿದ್ದ ಆ ಹಾಳೆಯನ್ನು ಮಡಚಿ ಕೈಗಿಟ್ಟರು. "ಅಕ್ಕಾ, ಇದನ್ನ ಇಟ್ಕೊಳ್ಳಿ. ನನಗಂತೂ ಬಾಯಿ ಬಿಟ್ಟು ಹೇಳೋ ಧೈರ್ಯ ಇಲ್ಲ. ಎರಡು ಮಕ್ಕಳು, ಬಾಡಿಗೆ ಮನೆ. ಇದು ನಾನು ಹೇಳಿದ್ದಲ್ಲ, ಅವರೇ ಹೇಳಿದ್ದು." ಅನ್ನದಕ್ಕನಿಗೆ ಅದನ್ನು ಓದಿ ಅವಮಾನವೇ ಆಯಿತು. ಊರಿಗೆಲ್ಲ ನನ್ನ ರಜೆ ಸಾರಿದರಲ್ಲ ಎಂದು ಚೀಲದ ತಳಕ್ಕೆ ತುರುಕಿದರು. ಆಮೇಲೆ ಆ ಇಡೀ ಡ್ರಮ್ಮಿನ ಕಲಸು ಅಕ್ಕಿಯನ್ನು ಬೇರೆ ಮೂಟೆಗೆ ತುಂಬಿಸಿ, ಹಿಟ್ಟು ಮಾಡಿಸಿ ಎಂದು ಬಾಗಿಲ ಬಳಿ ಇಟ್ಟರು.

ಹಾಳೆಯ ಬೆಲೆ ಕಂಡುಹಿಡಿದದ್ದು ಒಂದೇ ಕಣ್ಣು ತೆರೆದಿದ್ದ ಅತ್ತೆ. ಅಂದು ಸಂಜೆ ಮೊಮ್ಮಗಳು ಗಟ್ಟಿಯಾಗಿ ಓದಿ ಹೇಳಿದ್ದೇ ತಡ, ಬ್ಯಾಂಡೇಜಿನ ಮುದುಕಿ ಮಂಚದ ಮೇಲೆ ಎದ್ದು ಕೂತರು.

"ಲೇ, ಆ ಪುಣ್ಯಾತ್ಮ ಕೊಡಲ್ಲ ಅಂದ ಕಾಗದ ಇದೇ ಕಣೇ! ಗುಡ್ಸೋಳು ಮನೇಲಿದ್ರೆ ಕಸ ಬೀಳುತ್ತೆ. ಅನ್ನ ಯಾಕೆ ಕೆಡುತ್ತೆ? ತಗೊಂಡ್ಹೋಗಿ ಆ ಆಫೀಸಿನೋರ ಮುಂದೆ ಇಡು. ಹೆದರ್ಕೊಂಡ್ರೆ ನಾನೇ ಬರ್ತೀನಿ, ಒಂದು ಕಣ್ಣು ಸಾಕು ನಂಗೆ."

ನಲವತ್ತೈದು ತುಂಬಲು ಹನ್ನೊಂದು ದಿನ ಬಾಕಿಯಿದ್ದಾಗ ಅನ್ನದಕ್ಕ ಕಚೇರಿಯ ಕಿಟಕಿಯ ಮುಂದೆ ನಿಂತರು. ಕಿಟಕಿಯಾಚೆಯ ಗುಮಾಸ್ತೆ ಹಾಳೆಯನ್ನು ಒಮ್ಮೆ ಓದಿ ಹಿಂದಕ್ಕೆ ತಳ್ಳಿದರು. "ಇದು ಅನುಭವ ಪತ್ರ ಅಲ್ಲಮ್ಮಾ, ನೋಟೀಸು." ಅನ್ನದಕ್ಕ ಅದನ್ನು ಮತ್ತೆ ಮುಂದಕ್ಕೆ ತಳ್ಳಿದರು. "ಇನ್ನೊಂದ್ಸಲ ಓದಿ ಮೇಡಂ. ರಜೆ ಹಾಕಿದ್ದು ನಾನು. ಕೆಟ್ಟಿದ್ದು ಅನ್ನ." ಗುಮಾಸ್ತೆ ಎರಡನೆಯ ಸಲ ಓದಿದರು. ಮೂರನೆಯ ಸಲ ಓದುವಾಗ ಕೈಯಿಂದ ಬಾಯಿ ಮುಚ್ಚಿಕೊಂಡು ಎದ್ದು ಒಳಕೋಣೆಗೆ ಹೋದರು. ಒಳಗಿನಿಂದ ಅಧಿಕಾರಿಯ ನಗು ಕೇಳಿಸಿತು. ನಿಯಮ ತೆಗೆದು ನೋಡಿದರೆ, ಪತ್ರವಿಲ್ಲದಿದ್ದಲ್ಲಿ ಸಂಸ್ಥೆಯ ಮೊಹರಿರುವ, ಕೆಲಸದ ಸ್ವರೂಪ ತಿಳಿಸುವ ಯಾವುದೇ ಬರಹ ಸಾಕು ಎಂದಿದೆ. ಹನ್ನೊಂದು ವರ್ಷದ ಹಾಜರಿ, ಸಹಾಯಕಿ ಎಂಬ ಹುದ್ದೆಯ ಸಮೇತ, ಅನ್ನದಕ್ಕನ ಸಂಬಳದ ಚೀಟಿಗಳಲ್ಲಿ ಇದ್ದೇ ಇತ್ತು. ಅರ್ಜಿ ತಗೊಂಡರು.

ಸಹಿ ನಿಮ್ಮದೇನಾ ಎಂದು ಕಚೇರಿಯವರು ಫೋನು ಮಾಡಿದಾಗಲೇ ಯಜಮಾನರಿಗೆ ವಿಷಯ ಗೊತ್ತಾದದ್ದು. ಅಲ್ಲವೆನ್ನುವ ಹಾಗಿಲ್ಲ; ಬಾಗಿಲ ಮೇಲೆ ಎರಡು ದಿನ ಇಡೀ ಬಸ್ ನಿಲ್ದಾಣವೇ ಓದಿದೆ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡರು. ಅಂದಿನಿಂದ ಅನ್ನದಕ್ಕನೊಂದಿಗೆ ಮಾತಿಲ್ಲ. ಹೇಳುವುದನ್ನೆಲ್ಲ ಮಾಸ್ಟರಿಗೆ ಹೇಳುತ್ತಾರೆ, ಮಾಸ್ಟರ್ ಪರದೆ ಸರಿಸಿ ಅದನ್ನೇ ಒಪ್ಪಿಸುತ್ತಾರೆ, ಮೂವರೂ ಮೂರಡಿ ದೂರದಲ್ಲೇ ಇರುತ್ತಾರೆ. ಕೆಲಸದಿಂದ ತೆಗೆಯುವ ಧೈರ್ಯವಿಲ್ಲ. ಎರಡು ದಿನದ ಅನ್ನದ ರುಚಿ ನೋಡಿಯಾಗಿದೆ. ಕಳೆದ ವಾರ ಮಾತ್ರ ಮೌನ ಮುರಿದು, ಅರ್ಜಿ ವಾಪಸು ತಗೊಂಡರೆ 'ಸೂಪರ್‌ವೈಸರ್' ಎಂಬ ಬ್ಯಾಡ್ಜು ಕೊಡುತ್ತೇನೆ ಎಂದರಂತೆ. "ಬ್ಯಾಡ್ಜಿಗೆ ಪಾತ್ರೆ ಎತ್ತೋಕೆ ಬರುತ್ತಾ ಅಂತ ಕೇಳ್ದೆ. ಎದ್ದು ಹೋದ್ರು," ಎನ್ನುತ್ತಾರೆ ಅನ್ನದಕ್ಕ. ಬೋರ್ಡು ಇನ್ನೂ ಗೋಡೆಯ ಮೇಲೇ ಇದೆ, ಕೆಂಪು ಅಕ್ಷರ ಸಮೇತ. ಅದನ್ನು ಓದುತ್ತ ಇವತ್ತೂ ಇನ್ನೂರೈವತ್ತು ಜನ ಉಣ್ಣುತ್ತಾರೆ. ಮುಂದಿನ ಸಲ ಅಲ್ಲಿ ಕೂತವರು ಬಟ್ಟಲು ಖಾಲಿ ಮಾಡಿದ ಮೇಲೆ ಕಂಡಕ್ಟರು ಕೇಳಿದ ಪ್ರಶ್ನೆಯನ್ನು ಸ್ವಲ್ಪ ಗಟ್ಟಿಯಾಗಿ ಕೇಳಿದರೆ ತಪ್ಪೇನೂ ಇಲ್ಲ.

ಪರೀಕ್ಷೆ ಬರುವ ಬುಧವಾರ. ಗೊತ್ತಿಲ್ಲದ ಒಲೆ, ಗೊತ್ತಿಲ್ಲದ ಅಕ್ಕಿ, ಮೂರು ಗಂಟೆ, ಮೂವರು ಪರೀಕ್ಷಕರು. ಅನ್ನದಕ್ಕ ದಿನಕ್ಕೊಂದು ಅಂಗಡಿಯಿಂದ ಅರ್ಧರ್ಧ ಕಿಲೋ ಬೇರೆ ಬೇರೆ ಅಕ್ಕಿ ತಂದು ಸಂಜೆ ಮನೆಯಲ್ಲಿ ಬೇಯಿಸಿ ನೋಡುತ್ತಿದ್ದಾರೆ. ಮಗಳು ಗಡಿಯಾರ ಹಿಡಿದು ಕೂರುತ್ತಾಳೆ. ಪರೀಕ್ಷಕರ ಪಾತ್ರ ಅತ್ತೆಯದು: "ಹತ್ತು ದಿನದಿಂದ ಬರೀ ಅನ್ನ ತಿನ್ಸಿ ತಿನ್ಸಿ ನನ್ನನ್ನ ಮೂಟೆ ಮಾಡಿದಾಳೆ. ಇವಳು ಪಾಸಾಗ್ದಿದ್ರೆ ನಾನು ಸುಮ್ನೆ ಬಿಡಲ್ಲ."

ಪಾಸಾಗದಿದ್ದರೆ? ಆ ಪ್ರಶ್ನೆ ಕೇಳಲೇಬೇಕಿತ್ತು. ಅನ್ನದಕ್ಕನಿಗೆ ಈಗ ನಲವತ್ತೈದು ತುಂಬಿದೆ, ಇನ್ನೊಂದು ಅವಕಾಶವಿಲ್ಲ. ಭುಜಕ್ಕೂ ಹೆಚ್ಚು ದಿನವಿಲ್ಲ. ಅವರು ಐದನೆಯ ಪಾಳಿಯ ಪಾತ್ರೆಯನ್ನು ಇಳಿಸಿ, ಮುಚ್ಚಳ ತೆಗೆದು, ಆವಿ ಪೂರ್ತಿ ಹೋಗಲು ಬಿಡುತ್ತಾರೆ. ಒಂದಗುಳು ತೆಗೆದು ಬೆರಳಲ್ಲಿ ಹಿಸುಕಿ ನೋಡುತ್ತಾರೆ.

"ಫೇಲಾದ್ರೆ ಆಗ್ಲಿ, ಅದು ನಂದೇ ಫೇಲು. ಇಷ್ಟು ವರ್ಷ ಪಾಸಾಗಿದ್ದೆಲ್ಲ ಇನ್ನೊಬ್ರದ್ದಾಗಿತ್ತು."